ಸಿಯಾಟಲ್ ಸುತ್ತಮುತ್ತ ಕೆಂಪು ಆಲ್ಡರ್: ಎಲ್ಲಿದೆ, ಹೇಗೆ ಗುರುತಿಸುವುದು, ಅಲ್ಲೇ ಯಾಕೆ ಬೆಳೆಯುತ್ತದೆ

ಫೆಬ್ರವರಿ ಬಂತೆಂದರೆ ಸಿಯಾಟಲ್ ಕಡೆಯ ಕನ್ನಡಿಗರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊರಗೆ ಇನ್ನೂ ಚಳಿ, ತೋಟದಲ್ಲಿ ಒಂದು ಹೂವೂ ಅರಳಿಲ್ಲ, ಆದರೂ ಯಾಕಿಷ್ಟು ಸೀನು? ಹವಾಮಾನದ ಆ್ಯಪ್ ತೆರೆದರೆ ಪರಾಗ ಜಾಸ್ತಿ ಇದೆ ಅಂತ ತೋರಿಸುತ್ತದೆ. ಅದರ ಕೆಳಗೆ ಮರದ ಹೆಸರು ಆಲ್ಡರ್. ಹೊಸದಾಗಿ ಬಂದವರಿಗೆ ಆ ಹೆಸರೇ ಅಪರಿಚಿತ. ಹತ್ತು ವರ್ಷ ಅಲ್ಲೇ ಇದ್ದವರಿಗೂ ಮರ ಯಾವುದು ಅಂತ ಕೈ ತೋರಿಸಿ ಹೇಳಲು ಕಷ್ಟ.

ಈ ಮರ ದೂರದ ಕಾಡಿಗೆ ಸೇರಿದ್ದೇನಲ್ಲ. ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್, ಇಸಾಕ್ವಾ, ಸಮಾಮಿಷ್ ಹೀಗೆ ನಮ್ಮವರು ಜಾಸ್ತಿ ಇರುವ ಊರುಗಳಲ್ಲೆಲ್ಲ ಇದೆ. ಹೈವೇ ಬದಿಯ ದಿಬ್ಬದಲ್ಲಿ, ಮನೆ ಹಿಂದಿನ ಹಳ್ಳದಲ್ಲಿ, ಮಕ್ಕಳನ್ನು ಕರೆದುಕೊಂಡು ಹೋಗುವ ಪಾರ್ಕಿನಲ್ಲಿ ನಿಂತಿದೆ. ಅದನ್ನು ಹುಡುಕಲು ಮರಗಳ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಯಾವ ಥರದ ನೆಲಕ್ಕೆ ಅದು ಬರುತ್ತದೆ ಅಂತ ತಿಳಿದರೆ ಸಾಕು. ಆಮೇಲೆ ಒಂದು ಎಲೆ, ಒಂದು ಕಾಯಿ ನೋಡಿ ಖಚಿತ ಮಾಡಿಕೊಳ್ಳಬಹುದು.

ಆಲ್ಡರ್ ಅಂದರೆ ಯಾವ ಮರ?

ಆಲ್ಡರ್ ಅನ್ನುವುದು ಒಂದೇ ಮರದ ಹೆಸರಲ್ಲ, ಒಂದು ಕುಲದ ಹೆಸರು. ಸಸ್ಯಶಾಸ್ತ್ರದಲ್ಲಿ ಈ ಕುಲವನ್ನು ಆಲ್ನಸ್ ಎನ್ನುತ್ತಾರೆ. ಜಗತ್ತಿನಲ್ಲಿ ಇದರ ಸುಮಾರು 30ರಿಂದ 35 ಜಾತಿಗಳಿವೆ. ಹೆಚ್ಚಿನವು ಭೂಮಿಯ ಉತ್ತರಾರ್ಧದ ತಂಪು ಪ್ರದೇಶಗಳವು. ಬರ್ಚ್ ಮರ ಇದರ ಹತ್ತಿರದ ನೆಂಟ. ಎರಡೂ ಒಂದೇ ಕುಟುಂಬಕ್ಕೆ ಸೇರಿವೆ.

ಸಿಯಾಟಲ್ ಸುತ್ತಮುತ್ತ ತಗ್ಗು ನೆಲದಲ್ಲಿ ತಾನಾಗಿ ಬೆಳೆಯುವ ಆಲ್ಡರ್ ಬಹುಮಟ್ಟಿಗೆ ಒಂದೇ ಜಾತಿ. ಅದು ಕೆಂಪು ಆಲ್ಡರ್, ಅಂದರೆ ಆಲ್ನಸ್ ರೂಬ್ರಾ. ಅಲಾಸ್ಕಾದ ಆಗ್ನೇಯ ಭಾಗದಿಂದ ಕ್ಯಾಲಿಫೋರ್ನಿಯಾದ ಕರಾವಳಿಯವರೆಗೆ ಸಮುದ್ರದ ಅಂಚಿಗೆ ಅಂಟಿಕೊಂಡ ಹಾಗೆ ಹಬ್ಬಿದೆ. ಬಹುಪಾಲು ಮರಗಳು ಸಮುದ್ರದಿಂದ 200 ಕಿಲೋಮೀಟರ್ ಒಳಗೇ ಇವೆ. ಉತ್ತರ ಅಮೆರಿಕದ ಆಲ್ಡರ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಒಳ್ಳೆಯ ಜಾಗದಲ್ಲಿ 80ರಿಂದ 100 ಅಡಿ ಎತ್ತರಕ್ಕೆ ಹೋಗುತ್ತದೆ.

ಹೊರಗಿನ ತೊಗಟೆ ಬೂದು, ಎಲೆ ಹಸಿರು. ಹಾಗಾದರೆ ಕೆಂಪು ಎಲ್ಲಿಂದ ಬಂತು? ಗಾಳಿಗೆ ಬಿದ್ದ ಹಸಿ ಕೊಂಬೆ ಸಿಕ್ಕಿದರೆ ತೊಗಟೆಯನ್ನು ಉಗುರಿನಿಂದ ಚೂರು ಕೆರೆದು ನೋಡಿ. ಒಳಗಿನ ಪದರ ಮೊದಲು ತಿಳಿಯಾಗಿ ಕಾಣುತ್ತದೆ. ಗಾಳಿ ತಾಗಿದ ಮೇಲೆ ಕಿತ್ತಳೆಯಾಗಿ, ಬರಬರುತ್ತಾ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಪಾರ್ಕಿನ ಕೆಲಸಗಾರರು ದಾರಿಗೆ ಅಡ್ಡ ಬಿದ್ದ ಮರವನ್ನು ಕೊಯ್ದು ಹಾಕಿದ್ದರೆ ಕೊಯ್ದ ಮುಖ ದೂರದಿಂದಲೇ ಕೆಂಪಗೆ ಕಾಣುತ್ತದೆ. ಈ ಕರಾವಳಿಯ ಮೂಲನಿವಾಸಿಗಳಾದ ಸೇಲಿಷ್ ಜನ ಈ ತೊಗಟೆಯಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು. ಮೀನಿನ ಬಲೆಗೂ ಆ ಬಣ್ಣ ಹಾಕುತ್ತಿದ್ದರು. ಮರದಿಂದ ಬಟ್ಟಲು, ಸೌಟು, ಮುಖವಾಡ ಕೆತ್ತುತ್ತಿದ್ದರು. ಸಾಲ್ಮನ್ ಮೀನನ್ನು ಹೊಗೆಯಲ್ಲಿ ಬೇಯಿಸಲು ಈ ಕರಾವಳಿಯಲ್ಲಿ ಇವತ್ತಿಗೂ ಆಲ್ಡರ್ ಕಟ್ಟಿಗೆಗೇ ಮೊದಲ ಸ್ಥಾನ. ಫೆಂಡರ್ ಕಂಪನಿ ತನ್ನ ಎಲೆಕ್ಟ್ರಿಕ್ ಗಿಟಾರ್‌ಗಳ ಒಡಲಿಗೆ 1956ರ ಹೊತ್ತಿಗೆ ಆಲ್ಡರ್ ಮರ ಬಳಸಲು ಶುರು ಮಾಡಿತು.

ಯಾವ ಮರ ಸ್ಥಳೀಯ?

ಯಾರೂ ಹೊರಗಿನಿಂದ ತಂದು ನೆಡದೆ, ಬಹಳ ಕಾಲದಿಂದ ಒಂದು ಪ್ರದೇಶದಲ್ಲಿ ತಾನಾಗಿ ಬೆಳೆದು, ಅಲ್ಲಿನ ಹುಳ, ಹಕ್ಕಿ, ಮಣ್ಣು, ನೀರಿನ ಜೊತೆ ಹೊಂದಿಕೊಂಡ ಮರವೇ ಸ್ಥಳೀಯ ಮರ. ಅಮೆರಿಕದಲ್ಲಿ ಸಾಮಾನ್ಯವಾಗಿ ಯುರೋಪಿನವರು ಬರುವ ಮೊದಲೇ ಅಲ್ಲಿದ್ದ ಜಾತಿಗಳನ್ನು ಹೀಗೆ ಕರೆಯುತ್ತಾರೆ. ಇದು ಮರದ ಗುಣ ಅನ್ನುವುದಕ್ಕಿಂತ ಮರಕ್ಕೂ ಜಾಗಕ್ಕೂ ಇರುವ ಸಂಬಂಧ. ಇಂಗ್ಲೆಂಡಿನ ಹೊಳೆದಂಡೆಯಲ್ಲಿ ಕಪ್ಪು ಆಲ್ಡರ್ ಅಲ್ಲಿಯದೇ ಮರ. ಅದೇ ಕಪ್ಪು ಆಲ್ಡರ್ ಸಿಯಾಟಲ್‌ನ ಪಾರ್ಕಿಂಗ್ ಜಾಗದಲ್ಲಿ ನಿಂತರೆ ಹೊರಗಿನದು.

ನಗರದಲ್ಲಿ ಹುಡುಕುವವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಒಳ್ಳೆಯದು. ಈ ಜಾತಿ ಇಲ್ಲಿಯದೇ? ಈ ಮರ ತಾನಾಗಿ ಬಂದದ್ದೇ, ನೆಟ್ಟದ್ದೇ? ಕೆಂಪು ಆಲ್ಡರ್ ಅನ್ನೂ ಕೆಲವೊಮ್ಮೆ ಹೊಳೆದಂಡೆ ಸರಿಪಡಿಸುವಾಗ ನೆಡುತ್ತಾರೆ. ಆಗ ಜಾತಿ ಸ್ಥಳೀಯ, ಮರ ಮಾತ್ರ ನೆಟ್ಟದ್ದು. ಸಾಲಾಗಿ, ಒಂದೇ ಅಂತರದಲ್ಲಿ, ಬುಡಕ್ಕೆ ಪ್ಲಾಸ್ಟಿಕ್ ಕೊಳವೆ ಕಟ್ಟಿಕೊಂಡು ನಿಂತಿದ್ದರೆ ನೆಟ್ಟ ಗಿಡ ಅಂತ ಗೊತ್ತಾಗುತ್ತದೆ. ಒಂದೇ ವಯಸ್ಸಿನ ನೂರಾರು ಸಣಕಲು ಕಾಂಡಗಳು ಒತ್ತೊತ್ತಾಗಿ ಎದ್ದಿದ್ದರೆ ಗಾಳಿ ಬಿತ್ತಿದ ಬೆಳೆ.

ಕೆದಕಿದ ನೆಲಕ್ಕೆ ಮೊದಲು ಬರುವ ಮರ

ಕೆಂಪು ಆಲ್ಡರ್ ಬೀಜ ಬಹಳ ಸಣ್ಣದು, ಸಾಸಿವೆಗಿಂತ ಹಗುರ. ಅಂಚಿನಲ್ಲಿ ತೆಳು ರೆಕ್ಕೆ ಇದೆ. ಗಾಳಿಯಲ್ಲಿ ದೂರ ಹೋಗುತ್ತದೆ. ಆದರೆ ಇಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಹೆಚ್ಚಿಲ್ಲ. ದಪ್ಪ ತರಗೆಲೆಯ ಮೇಲೆ ಬಿದ್ದರೆ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ. ನೆರಳಿನಲ್ಲಿ ಬಿದ್ದರೆ ಬದುಕುವುದಿಲ್ಲ. ಅದಕ್ಕೆ ಬೇಕಾದದ್ದು ಬರಿ ಮಣ್ಣು, ತೇವ ಮತ್ತು ಪೂರ್ತಿ ಬಿಸಿಲು.

ಈ ಮೂರೂ ಒಟ್ಟಿಗೆ ಸಿಗುವುದು ಎಲ್ಲಿ? ಗುಡ್ಡ ಜರಿದ ಕಡೆ, ಹೊಳೆ ದಂಡೆ ಕೊರೆದ ಕಡೆ, ಮರ ಕಡಿದು ಎಳೆದ ಕಡೆ, ರಸ್ತೆ ಮಾಡಲು ಬುಲ್‌ಡೋಜರ್ ಓಡಿದ ಕಡೆ. ಅಂದರೆ ಏನೋ ಒಂದು ಕಾರಣಕ್ಕೆ ನೆಲ ಬೆತ್ತಲಾದ ಕಡೆ. 1980ರಲ್ಲಿ ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದು ಮೈಲಿಗಟ್ಟಲೆ ನೆಲ ಬೂದಿ ಕೆಸರಿನಿಂದ ಮುಚ್ಚಿಹೋಯಿತು. ಆಮೇಲೆ ಅಲ್ಲಿ ದಟ್ಟವಾಗಿ ಎದ್ದ ಮರಗಳಲ್ಲಿ ಆಲ್ಡರ್ ಮುಖ್ಯವಾದದ್ದು. ನಗರ ಕಟ್ಟುವುದು ಎಂದರೂ ನೆಲ ಕೆದಕುವುದೇ ಅಲ್ವಾ? ಹಾಗಾಗಿ ಕಾಡಿನ ಎಷ್ಟೋ ಮರಗಳು ನಗರಕ್ಕೆ ಹೆದರಿ ಹಿಂದೆ ಸರಿದರೆ ಈ ಮರ ನಗರದ ಅಂಚಿನಲ್ಲೇ ಜಾಗ ಮಾಡಿಕೊಂಡಿತು.

ಸಿಯಾಟಲ್‌ನ ಹಳೆಯ ದೊಡ್ಡ ಕಾಡನ್ನು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಶುರುವಿನಲ್ಲಿ ಬಹುಪಾಲು ಕಡಿದುಹಾಕಿದರು. ಡಗ್ಲಸ್ ಫರ್, ಕೆಂಪು ಸೀಡರ್, ಹೆಮ್ಲಾಕ್‌ನಂಥ ಸದಾ ಹಸಿರು ಮರಗಳು ಹೋದವು. ಆ ಬಯಲಿನ ಮೇಲೆ ಆಲ್ಡರ್ ಮತ್ತು ದೊಡ್ಡೆಲೆ ಮೇಪಲ್ ಎದ್ದವು. ನಮ್ಮವರು ಬಟ್ಟೆ ಕೊಳ್ಳಲು ಹೋಗುವ ಲಿನ್‌ವುಡ್‌ನ ಆಲ್ಡರ್‌ವುಡ್ ಮಾಲ್ ಇರುವ ಪ್ರದೇಶದ ಕಥೆಯೂ ಇದೇ. ಪ್ಯೂಜೆಟ್ ಮಿಲ್ ಎಂಬ ಮರದ ಕಂಪನಿ ಕಾಡು ಕಡಿದು ಮುಗಿಸಿದ ಮೇಲೆ, ಬರಿ ಮೋಟುಗಳು ಉಳಿದ ಆ ನೆಲವನ್ನು 1917ರಲ್ಲಿ ಆಲ್ಡರ್‌ವುಡ್ ಮ್ಯಾನರ್ ಅನ್ನುವ ಹೆಸರಿನಲ್ಲಿ ಸಣ್ಣ ಹಿಡುವಳಿ ಮಾಡಿ ಮಾರಿತು. ಕೊಂಡವರು ಕೋಳಿ ಸಾಕಿದರು. ಮಾಲ್ ಬಂದದ್ದು 1979ರಲ್ಲಿ.

ಬೆಳೆಯುವ ವೇಗವೂ ದೊಡ್ಡದು. ಒಳ್ಳೆಯ ಜಾಗದಲ್ಲಿ 5 ವರ್ಷಕ್ಕೆ ಸುಮಾರು 30 ಅಡಿ, 20 ವರ್ಷಕ್ಕೆ ಸುಮಾರು 80 ಅಡಿ. ಗೊಬ್ಬರವೇ ಇಲ್ಲದ ಬರಡು ಮಣ್ಣಿನಲ್ಲಿ ಇಷ್ಟು ಬೆಳೆಯುವ ಶಕ್ತಿ ಎಲ್ಲಿಂದ ಬಂತು?

ಬೇರಿನಲ್ಲಿರುವ ಗೊಬ್ಬರದ ಗಂಟು

ಗಿಡ ಬೆಳೆಯಲು ಸಾರಜನಕ ಬೇಕು. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವೇ ಇದೆ. ಆದರೆ ಗಿಡಕ್ಕೆ ಅದನ್ನು ನೇರವಾಗಿ ಹೀರಿಕೊಳ್ಳಲು ಬರುವುದಿಲ್ಲ. ಮಣ್ಣಿನಲ್ಲಿ ಕರಗಿದ ರೂಪದಲ್ಲಿ ಸಿಗಬೇಕು. ತೊಗರಿ, ಅವರೆ, ಹೆಸರಿನಂಥ ದ್ವಿದಳ ಧಾನ್ಯದ ಗಿಡಗಳು ಇದಕ್ಕೊಂದು ದಾರಿ ಮಾಡಿಕೊಂಡಿವೆ. ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಅವುಗಳ ಬೇರಿನ ಗಂಟುಗಳಲ್ಲಿ ಕುಳಿತು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಗಿಡ ಸಕ್ಕರೆ ಕೊಡುತ್ತದೆ. ನಮ್ಮ ರೈತರಿಗೆ ಇದು ಗೊತ್ತಿರುವ ಸಂಗತಿಯೇ.

ಆಲ್ಡರ್ ದ್ವಿದಳ ಗಿಡಗಳ ಗುಂಪಿಗೆ ಸೇರಿಲ್ಲ. ಅದರ ಬೇರಿನಲ್ಲಿ ಕೂರುವುದು ಫ್ರಾಂಕಿಯಾ ಎಂಬ ಬೇರೆಯೇ ಬ್ಯಾಕ್ಟೀರಿಯಾ. ಹೊಳೆ ಕೊರೆದು ದಂಡೆ ಕುಸಿದ ಕಡೆ ಆಲ್ಡರ್ ಬೇರು ಹೊರಗೆ ಕಾಣುತ್ತಿದ್ದರೆ ಬಗ್ಗಿ ನೋಡಿ. ಹವಳದ ಥರ ಕವಲೊಡೆದ ಕಿತ್ತಳೆ ಕಂದು ಬಣ್ಣದ ಗಂಟುಗಳು ಬೇರಿಗೆ ಅಂಟಿಕೊಂಡಿರುತ್ತವೆ. ಒಂದು ಹೆಕ್ಟೇರ್ ದಟ್ಟ ಆಲ್ಡರ್ ತೋಪು ವರ್ಷಕ್ಕೆ 50 ಕಿಲೋದಿಂದ ಹಿಡಿದು 200 ಕಿಲೋವರೆಗೆ ಸಾರಜನಕವನ್ನು ನೆಲಕ್ಕೆ ಸೇರಿಸಬಲ್ಲದು.

ಕರ್ನಾಟಕದ ಕರಾವಳಿಯವರು ಗಾಳಿಮರ ನೋಡಿಯೇ ಇರುತ್ತಾರೆ. ಹಳೇ ಮೈಸೂರು ಕಡೆ ಅದನ್ನೇ ಸರ್ವೆ ಮರ ಎನ್ನುತ್ತಾರೆ. ಬರಿ ಮರಳಿನಲ್ಲಿ, ಉಪ್ಪುಗಾಳಿಯಲ್ಲಿ ಅದು ಸೊಂಪಾಗಿ ಬೆಳೆಯುವುದರ ಹಿಂದೆಯೂ ಇದೇ ಫ್ರಾಂಕಿಯಾ ಇದೆ. ಗಾಳಿಮರ ಮತ್ತು ಆಲ್ಡರ್ ಬೇರೆ ಬೇರೆ ಕುಟುಂಬದವು. ಆದರೂ ಬೇರಿನೊಳಗಿನ ಜೊತೆಗಾರ ಒಬ್ಬನೇ.

ಇದರಿಂದ ಇನ್ನೊಂದು ವಿಚಾರವೂ ಅರ್ಥವಾಗುತ್ತದೆ. ಅಕ್ಟೋಬರಿನಲ್ಲಿ ಮೇಪಲ್ ಎಲೆ ಹಳದಿಯಾಗಿ ಉದುರುತ್ತದೆ. ಆಲ್ಡರ್ ಎಲೆ ಹಸಿರಾಗಿಯೇ ಅಥವಾ ಮಾಸಿದ ಕಂದಾಗಿ ಉದುರಿಬಿಡುತ್ತದೆ. ಬೇರೆ ಮರಗಳು ಎಲೆ ಉದುರಿಸುವ ಮೊದಲು ಅದರಲ್ಲಿನ ಸಾರಜನಕವನ್ನು ಕಾಂಡಕ್ಕೆ ವಾಪಸ್ ಎಳೆದುಕೊಳ್ಳುತ್ತವೆ. ಬೇರಿನಲ್ಲೇ ಸಾರಜನಕ ತಯಾರಾಗುವ ಆಲ್ಡರ್‌ಗೆ ಆ ಉಳಿತಾಯ ಅಷ್ಟು ಬೇಕಿಲ್ಲ. ಹಾಗೆ ಉದುರಿದ ಎಲೆ ಬೇಗ ಕೊಳೆತು ಮಣ್ಣಿಗೆ ಸೇರುತ್ತದೆ. ಹಳ್ಳಕ್ಕೆ ಬಿದ್ದ ಎಲೆಯನ್ನು ನೀರಿನ ಹುಳಗಳು ತಿನ್ನುತ್ತವೆ, ಆ ಹುಳಗಳನ್ನು ಸಾಲ್ಮನ್ ಮರಿಗಳು ತಿನ್ನುತ್ತವೆ. ಕೊಂಬೆಗಳ ನೆರಳು ಹಳ್ಳದ ನೀರನ್ನು ತಂಪಾಗಿ ಇಡುತ್ತದೆ. ಸಾಲ್ಮನ್‌ಗೆ ತಣ್ಣೀರೇ ಬೇಕು.

ಎಲ್ಲಿ ಹುಡುಕಬೇಕು

ಮೊದಲು ನೀರು ಹುಡುಕಿ, ಆಮೇಲೆ ಇಳಿಜಾರು, ಆಮೇಲೆ ಹಳೆಯ ರಸ್ತೆಯ ಅಂಚು. ಈ ಕ್ರಮದಲ್ಲಿ ಹೋದರೆ ಯಾವ ಊರಿನಲ್ಲಿದ್ದರೂ ಅರ್ಧ ಗಂಟೆ ನಡಿಗೆಯಲ್ಲಿ ಒಂದಾದರೂ ಸಿಗುತ್ತದೆ.

ಬೆಲ್‌ವ್ಯೂನವರಿಗೆ ಮರ್ಸರ್ ಸ್ಲೂ ಪಾರ್ಕ್ ತುಂಬ ಅನುಕೂಲ. 320 ಎಕರೆಯ ಜೌಗು ನೆಲ. 2024ರ ಏಪ್ರಿಲ್‌ನಲ್ಲಿ ಶುರುವಾದ ಲಘು ರೈಲಿನ ಸೌತ್ ಬೆಲ್‌ವ್ಯೂ ನಿಲ್ದಾಣ ಅದರ ಪಕ್ಕದಲ್ಲೇ ಇದೆ, ಕಾರೇ ಬೇಡ. ರೆಡ್ಮಂಡ್‌ನಲ್ಲಿ ಮೇರಿಮೂರ್ ಪಾರ್ಕಿನ ಕೆರೆಯಂಚು ಮತ್ತು ಸಮಾಮಿಷ್ ಹೊಳೆಯ ಉದ್ದಕ್ಕೂ ಇರುವ ಕಾಲುದಾರಿ. ಇಸಾಕ್ವಾದಲ್ಲಿ ಸಾಲ್ಮನ್ ಮರಿ ಮಾಡುವ ಕೇಂದ್ರದ ಪಕ್ಕ ಹರಿಯುವ ಇಸಾಕ್ವಾ ಕ್ರೀಕ್ ಹಿಡಿದು ನಡೆಯಿರಿ. ಕೂಗರ್ ಮೌಂಟನ್ ಮತ್ತು ಟೈಗರ್ ಮೌಂಟನ್ ಕೆಳ ಇಳಿಜಾರುಗಳು ಒಂದು ಕಾಲಕ್ಕೆ ಮರ ಕಡಿದ ಜಾಗಗಳು. ಅಲ್ಲಿ ಆಲ್ಡರ್ ಧಾರಾಳ.

ಸಿಯಾಟಲ್ ನಗರದೊಳಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಾಯವ್ಯದ ಕಾರ್ಕೀಕ್ ಪಾರ್ಕ್. ಪೈಪರ್ಸ್ ಕ್ರೀಕ್ ಎಂಬ ಸಣ್ಣ ಹಳ್ಳ ಕಣಿವೆಯಲ್ಲಿ ಇಳಿದು ಸಮುದ್ರ ಸೇರುತ್ತದೆ. ಇಕ್ಕೆಲದಲ್ಲೂ ಆಲ್ಡರ್ ಮತ್ತು ಮೇಪಲ್. ನವೆಂಬರಿನಲ್ಲಿ ಚಮ್ ಸಾಲ್ಮನ್ ಇದೇ ಹಳ್ಳಕ್ಕೆ ಹತ್ತಿ ಬರುತ್ತವೆ. ಆಲ್ಡರ್‌ಗೂ ಮೀನಿಗೂ ಇರುವ ನಂಟನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಡಿಸ್ಕವರಿ ಪಾರ್ಕ್, ಡುವಾಮಿಷ್ ಹೊಳೆಯ ಪಶ್ಚಿಮದ ಹಸಿರು ಪಟ್ಟಿ, ಥಾರ್ನ್‌ಟನ್ ಕ್ರೀಕ್ ಇವೂ ಒಳ್ಳೆಯವೇ.

ನಗರಸಭೆ ರಸ್ತೆಬದಿಯ ಮರಗಳ ನಕ್ಷೆಯನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಉಪಯೋಗದ ನಕ್ಷೆಯೇ, ಆದರೆ ಅದು ಮುಖ್ಯವಾಗಿ ಬೀದಿ ಮರಗಳ ಲೆಕ್ಕ. ತಾನಾಗಿ ಬಂದ ಆಲ್ಡರ್ ಇರುವುದು ಬಹುಪಾಲು ಹಳ್ಳ, ಕಣಿವೆ, ದಿಬ್ಬಗಳಲ್ಲಿ. ಆ ನಕ್ಷೆಯಲ್ಲಿ ಹುಡುಕಿ ಸಿಗಲಿಲ್ಲ ಅಂದರೆ ಊರಲ್ಲಿ ಇಲ್ಲ ಅಂತ ಅಲ್ಲ.

ಹತ್ತಿರ ಹೋಗಿ ಖಚಿತ ಮಾಡಿಕೊಳ್ಳುವುದು

ಬೇಸಿಗೆಯಾದರೆ ಎಲೆಯಿಂದ ಶುರು ಮಾಡಿ. ಮೂರರಿಂದ ಆರು ಇಂಚು ಉದ್ದ, ಮೊಟ್ಟೆಯಾಕಾರ, ತುದಿ ಚೂಪು. ನಡುನರದಿಂದ ಎರಡೂ ಬದಿಗೆ ನೇರವಾದ ನರಗಳು ಅಂಚಿನವರೆಗೂ ಹೋಗುತ್ತವೆ. ಅಂಚಿನಲ್ಲಿ ದೊಡ್ಡ ಹಲ್ಲು, ಅದರ ಮೇಲೆ ಸಣ್ಣ ಹಲ್ಲು. ಈಗ ಎಲೆಯನ್ನು ತಿರುಗಿಸಿ ಅಂಚಿನ ಮೇಲೆ ಹೆಬ್ಬೆರಳು ಸವರಿ. ಕೆಂಪು ಆಲ್ಡರ್‌ನಲ್ಲಿ ಅಂಚು ಸುತ್ತಲೂ ಒಂದು ಕೂದಲೆಳೆಯಷ್ಟು ಕೆಳಕ್ಕೆ ಮಡಚಿಕೊಂಡಿರುತ್ತದೆ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಈ ಮಡಿಕೆ ಬೇರೆ ಆಲ್ಡರ್‌ಗಳಲ್ಲಿ ಸಿಗುವುದಿಲ್ಲ. ಜಾತಿ ಗುರುತಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೊಂದಿಲ್ಲ. ಎಲೆಯ ತಳದ ನರಗಳ ಮೇಲೆ ತುಕ್ಕಿನ ಬಣ್ಣದ ನವಿರು ಕೂದಲೂ ಇರುತ್ತದೆ.

ಚಳಿಗಾಲವಾದರೆ ತಲೆಯೆತ್ತಿ ಕೊಂಬೆಯ ತುದಿ ನೋಡಿ. ಒಂದು ಇಂಚಿನ ಒಳಗಿನ, ಗಟ್ಟಿ ಮರದಂಥ ಪುಟ್ಟ ಕಾಯಿಗಳು ಗುಂಪಾಗಿ ಕೂತಿರುತ್ತವೆ. ನೋಡಲು ಪೈನ್ ಮರದ ಕಾಯಿಯ ಚಿಕ್ಕ ರೂಪ. ಬೀಜ ಉದುರಿಸಿದ ಮೇಲೂ ಅವು ಕಪ್ಪಾಗಿ ಕೊಂಬೆಯಲ್ಲೇ ಉಳಿಯುತ್ತವೆ. ಅಗಲ ಎಲೆಯ ಮರದಲ್ಲಿ ಇಂಥ ಕಾಯಿ ಕಂಡರೆ ಅದು ಆಲ್ಡರ್ ಕುಲದ್ದೇ. ಅದೇ ಕೊಂಬೆಯಲ್ಲಿ ಪಕ್ಕಕ್ಕೆ ಗಂಡು ಹೂವಿನ ತೆನೆಗಳು ನೇತಾಡುತ್ತವೆ. ಮಲೆನಾಡಿನವರಿಗೆ ಒಂದೇ ಮಾತಲ್ಲಿ ಹೇಳಬಹುದು: ಕಾಳುಮೆಣಸಿನ ಬಳ್ಳಿಯ ಕರೆ (ಕಾಳು ಕಟ್ಟುವ ತೆನೆ) ಇದ್ದ ಹಾಗೆ. ಡಿಸೆಂಬರಿನಲ್ಲಿ ಅವು ಸಣ್ಣಗೆ ಗಟ್ಟಿಯಾಗಿರುತ್ತವೆ. ಫೆಬ್ರವರಿ ಮಾರ್ಚ್ ಹೊತ್ತಿಗೆ ಸಡಿಲವಾಗಿ ನಾಲ್ಕರಿಂದ ಆರು ಇಂಚು ಉದ್ದಕ್ಕೆ ಇಳಿಬಿದ್ದು ಕೆಂಪು ಹಳದಿ ಬಣ್ಣಕ್ಕೆ ಬರುತ್ತವೆ. ಬೆರಳಿನಿಂದ ತಟ್ಟಿದರೆ ಹಳದಿ ಪುಡಿ ಹಾರುತ್ತದೆ. ಅದೇ ಪರಾಗ.

ತೊಗಟೆ ಬೂದು ಬಣ್ಣದ್ದು, ನುಣುಪು. ಅದರ ಮೇಲೆ ಬಿಳಿ ತೇಪೆಗಳು. ಆ ಬಿಳಿ ಮರದ್ದಲ್ಲ, ತೊಗಟೆಗೆ ತೆಳ್ಳಗೆ ಅಂಟಿಕೊಂಡು ಬೆಳೆದ ಕಲ್ಲುಹೂವಿನದು. ನಾವು ಮಸಾಲೆಗೆ ಹಾಕುವ ಕಲ್ಲುಹೂವೂ ಇದೇ ಗುಂಪಿನ ಜೀವಿ. ಬಿಳಿ ತೇಪೆ ನೋಡಿ ಎಷ್ಟೋ ಜನ ಇದನ್ನು ಬರ್ಚ್ ಅಂದುಕೊಳ್ಳುತ್ತಾರೆ. ಬರ್ಚಿನ ತೊಗಟೆ ಕಾಗದದ ಹಾಗೆ ಸುಲಿದು ಬರುತ್ತದೆ, ಆಲ್ಡರ್‌ನದು ಸುಲಿಯುವುದಿಲ್ಲ. ಬರ್ಚಿನ ಕಾಯಿ ಹಣ್ಣಾದಾಗ ಪುಡಿಪುಡಿಯಾಗಿ ಉದುರುತ್ತದೆ, ಕೊಂಬೆಯಲ್ಲಿ ಗಟ್ಟಿ ಕಾಯಿ ಉಳಿಯುವುದಿಲ್ಲ. ಸಿಯಾಟಲ್ ಉಪನಗರಗಳ ಮನೆ ಮುಂದೆ ಸುಣ್ಣ ಬಳಿದಂತೆ ಬೆಳ್ಳಗಿರುವ ಮರಗಳು ಬಹಳ ಸಲ ಹಿಮಾಲಯದ ಬರ್ಚ್. ಹಿಂದಿನವರು ಭೂರ್ಜಪತ್ರ ಅಂತ ಅಕ್ಷರ ಬರೆದದ್ದು ಆ ಜಾತಿಯ ತೊಗಟೆಯ ಮೇಲೆಯೇ.

ನೆಟ್ಟ ಹೊರಗಿನ ಆಲ್ಡರ್‌ಗಳಲ್ಲಿ ಎರಡನ್ನು ತಿಳಿದುಕೊಂಡರೆ ಸಾಕು. ಯುರೋಪಿನ ಕಪ್ಪು ಆಲ್ಡರ್ ಎಲೆ ದುಂಡಗೆ, ತುದಿ ಚೂಪಿಲ್ಲ. ಎಷ್ಟೋ ಸಲ ತುದಿಯಲ್ಲಿ ಕಚ್ಚಿದಂತೆ ಒಳಕ್ಕೆ ತಗ್ಗಿರುತ್ತದೆ. ಇಟಾಲಿಯನ್ ಆಲ್ಡರ್ ಎಲೆ ಹೊಳೆಯುವ ಹೃದಯದಾಕಾರ, ಕಾಯಿ ದೊಡ್ಡದು. ಎರಡನ್ನೂ ಪಾರ್ಕಿಂಗ್ ಜಾಗ, ಕಚೇರಿ ಆವರಣಗಳಲ್ಲಿ ನೆಡುತ್ತಾರೆ. ಹೊಳೆಬದಿಯಲ್ಲೇ ಬೆಳೆಯುವ ಕಪ್ಪು ಕಾಟನ್‌ವುಡ್ ಮರವೂ ದೂರದಿಂದ ಗೊಂದಲ ಮಾಡುತ್ತದೆ. ಅದರ ಹಳೆ ತೊಗಟೆ ಆಳವಾಗಿ ಬಿರುಕುಬಿಟ್ಟಿರುತ್ತದೆ, ಬೇಸಿಗೆಯ ಶುರುವಿನಲ್ಲಿ ಹತ್ತಿ ಹಾರಿಸುತ್ತದೆ.

ಹುಡುಕಲು ಯಾವ ತಿಂಗಳು ಒಳ್ಳೆಯದು ಅಂತ ಕೇಳಿದರೆ ನನ್ನ ಮತ ಫೆಬ್ರವರಿ ಕೊನೆಗೆ. ಆಗ ಹೈವೇ 90ರಲ್ಲೋ 405ರಲ್ಲೋ ಹೋಗುವಾಗ ಇಳಿಜಾರುಗಳನ್ನು ಗಮನಿಸಿ. ಎಲೆಯಿಲ್ಲದ ಮರಗಳ ನಡುವೆ ಕೆಲವು ತೋಪುಗಳ ನೆತ್ತಿ ನಸುಗೆಂಪಾಗಿ ಕಾಣುತ್ತದೆ. ಹೂ ತೆನೆ ಮತ್ತು ಮೊಗ್ಗಿನ ಬಣ್ಣ ಅದು. ಕಾರಿನಿಂದ ಇಳಿಯದೇ ಒಂದು ಇಡೀ ಗುಡ್ಡದ ಆಲ್ಡರ್ ಲೆಕ್ಕ ಸಿಗುವುದು ಆ ದಿನಗಳಲ್ಲಿ ಮಾತ್ರ. ಬೀಜ ನೋಡಬೇಕೆಂದರೆ ಡಿಸೆಂಬರ್ ಜನವರಿಯಲ್ಲಿ ಹಿಮ ಬಿದ್ದ ಮಾರನೇ ದಿನ ಮರದ ಕೆಳಗೆ ಹೋಗಿ. ಬಿಳಿ ಹಿಮದ ಮೇಲೆ ಕಂದು ಪುಡಿ ಉದುರಿರುತ್ತದೆ. ಮೇಲೆ ಪೈನ್ ಸಿಸ್ಕಿನ್ ಎಂಬ ಪುಟ್ಟ ಹಕ್ಕಿಗಳು ಗುಂಪಾಗಿ ತಲೆಕೆಳಗಾಗಿ ನೇತುಬಿದ್ದು ಕಾಯಿಗಳಿಂದ ಬೀಜ ಕೀಳುತ್ತಿರುತ್ತವೆ.

ಸೀನಿಗೆ ಕಾರಣ

ಆಲ್ಡರ್‌ಗೆ ಜೇನುನೊಣ ಬೇಕಿಲ್ಲ, ಗಾಳಿಯೇ ಪರಾಗ ಹೊರುತ್ತದೆ. ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದ ಗಾಳಿಯನ್ನು ನಂಬಿದ ಮೇಲೆ ಪರಾಗ ರಾಶಿರಾಶಿ ಬೇಕು. ಎಲೆ ಬಂದರೆ ಗಾಳಿಗೆ ಅಡ್ಡಿ, ಹಾಗಾಗಿ ಎಲೆ ಬರುವ ಮೊದಲೇ ಹೂ ಬಿಡುತ್ತದೆ. ಚಳಿ ಇರುವಾಗಲೇ ಸೀನು ಬರುವುದಕ್ಕೆ ಇದೇ ಕಾರಣ. ಹೂವು ಇದೆ, ನಾವು ಹೂವು ಅಂತ ಗುರುತಿಸುವ ರೂಪದಲ್ಲಿ ಇಲ್ಲ, ಅಷ್ಟೇ.

ಆಲ್ಡರ್, ಬರ್ಚ್, ಹೇಝಲ್ ಒಂದೇ ಕುಟುಂಬದವು. ಅವುಗಳ ಪರಾಗದ ಪ್ರೋಟೀನುಗಳೂ ಒಂದನ್ನೊಂದು ಹೋಲುತ್ತವೆ. ಒಂದು ಮರದ ಅಲರ್ಜಿ ಇದ್ದವರಿಗೆ ಇನ್ನೊಂದು ಮರದ್ದೂ ಬರುವುದು ಸಾಮಾನ್ಯ. ಸೇಬು, ಚೆರ್ರಿ, ಪೀಚ್, ಕ್ಯಾರೆಟ್, ಹೇಝಲ್ ಬೀಜದಲ್ಲೂ ಇದನ್ನು ಹೋಲುವ ಪ್ರೋಟೀನ್ ಇದೆ. ಹಾಗಾಗಿ ಕೆಲವರಿಗೆ ಹಸಿ ಸೇಬು ಕಚ್ಚಿದರೆ ಬಾಯಿ, ತುಟಿ ತುರಿಸುತ್ತದೆ. ಬೇಯಿಸಿದ ಸೇಬು ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಬಿಸಿಗೆ ಆ ಪ್ರೋಟೀನ್ ಕೆಟ್ಟುಹೋಗುತ್ತದೆ. ಇಂಥ ಲಕ್ಷಣ ಇದ್ದರೆ, ಅದರಲ್ಲೂ ಗಂಟಲು ಊದಿದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ, ಸುಮ್ನೆ ಬಿಡದೆ ಡಾಕ್ಟರಿಗೆ ತೋರಿಸಬೇಕು.

ಬೇಗ ಮುಪ್ಪಾಗುವ ಮರ

ವೇಗವಾಗಿ ಬೆಳೆಯುವ ಈ ಮರಕ್ಕೆ ಆಯಸ್ಸು ಕಡಿಮೆ. 60ರಿಂದ 70 ವರ್ಷಕ್ಕೆ ವಯಸ್ಸಾಗುತ್ತದೆ, 100 ದಾಟುವುದು ಅಪರೂಪ. ಡಗ್ಲಸ್ ಫರ್ ನೂರಾರು ವರ್ಷ ಬದುಕುತ್ತದೆ. ಸಹಜ ಕಾಡಿನಲ್ಲಾದರೆ ಆಲ್ಡರ್ ಮಣ್ಣು ಹದ ಮಾಡಿ, ಅದರ ನೆರಳಿನಲ್ಲಿ ಸೀಡರ್, ಹೆಮ್ಲಾಕ್ ಸಸಿಗಳು ಮೇಲೆದ್ದು, ಆಲ್ಡರ್ ಬಿದ್ದ ಜಾಗವನ್ನು ಅವು ತುಂಬುತ್ತವೆ. ತನ್ನದೇ ನೆರಳಿನಲ್ಲಿ ಆಲ್ಡರ್ ಸಸಿ ಬದುಕುವುದಿಲ್ಲ.

ನಗರದಲ್ಲಿ ಈ ಸರಪಳಿ ಮುರಿದಿದೆ. ಬೀಜ ಕೊಡಲು ಹತ್ತಿರದಲ್ಲಿ ಹಳೆ ಸೀಡರ್ ಮರಗಳಿಲ್ಲ. ಕೆಳಗೆ ಇಂಗ್ಲಿಷ್ ಐವಿ ಬಳ್ಳಿ ಮತ್ತು ಹಿಮಾಲಯನ್ ಬ್ಲ್ಯಾಕ್‌ಬೆರಿ ಎಂಬ ಮುಳ್ಳುಪೊದೆ ನೆಲ ಮುಚ್ಚಿವೆ. ಆಲ್ಡರ್ ಬಿದ್ದರೆ ಅಲ್ಲಿ ಮತ್ತೆ ಮರ ಏಳುವುದಿಲ್ಲ, ಮುಳ್ಳು ಏಳುತ್ತದೆ. ಇದನ್ನು ತಡೆಯಲು ನಗರಸಭೆ ಮತ್ತು ಸ್ವಯಂಸೇವಕರು ಸೇರಿ 2000ದ ದಶಕದ ಮಧ್ಯದಲ್ಲಿ ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್ ಶುರು ಮಾಡಿದರು. ಪಾರ್ಕುಗಳ 2,500 ಎಕರೆಯಷ್ಟು ಕಾಡುನೆಲದಿಂದ ಐವಿ ಕಿತ್ತು ಸದಾ ಹಸಿರು ಮರಗಳನ್ನು ನೆಡುವುದು ಗುರಿ. ವಾರಾಂತ್ಯದ ಆ ಕೆಲಸಕ್ಕೆ ಯಾರು ಬೇಕಾದರೂ ಸೇರಬಹುದು. ಆಲ್ಡರ್ ಅನ್ನು ಹತ್ತಿರದಿಂದ ಕಲಿಯಲು ಅದೂ ಒಂದು ದಾರಿ.

ಮನೆ ಹಿಂದೆಯೇ ದೊಡ್ಡ ಆಲ್ಡರ್ ಇದ್ದರೆ? ಮುಪ್ಪಾದ ಮರದ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. 2024ರ ನವೆಂಬರಿನ ಬಿರುಗಾಳಿಯಲ್ಲಿ ಪೂರ್ವದ ಉಪನಗರಗಳಲ್ಲಿ ಬಹಳಷ್ಟು ಮರಗಳು ಉರುಳಿದ್ದು ನೆನಪಿರಬಹುದು. ಅಂತ ಹೆದರಿ ಎಲ್ಲವನ್ನೂ ಕಡಿಸಬೇಕಿಲ್ಲ. ಬುಡದಲ್ಲಿ ಅಣಬೆ, ಕಾಂಡದಲ್ಲಿ ಟೊಳ್ಳು, ಮನೆ ಕಡೆಗೆ ವಾಲುವಿಕೆ ಇದ್ದರೆ ಪರವಾನಗಿ ಇರುವ ಮರತಜ್ಞರನ್ನು ಕರೆಸಿ. ಕಡಿಯುವ ಮೊದಲು ನಿಮ್ಮ ಊರಿನ ನಿಯಮ ನೋಡಿ. ಪ್ರತಿ ನಗರದ್ದೂ ಬೇರೆ, ಸಿಯಾಟಲ್ ತನ್ನದನ್ನು 2023ರಲ್ಲಿ ಬದಲಿಸಿತು. ಹಳ್ಳದ ದಂಡೆ, ಕಡಿದಾದ ಇಳಿಜಾರಿನ ಮರಗಳಿಗೆ ನಿಯಮ ಬಿಗಿಯಾಗಿರುತ್ತದೆ. ಆ ಮರದ ಬೇರೇ ಮಣ್ಣು ಹಿಡಿದಿರುತ್ತದೆ.

ಬೇರೆ ಊರುಗಳಲ್ಲಿ

ಸಿಯಾಟಲ್‌ನಿಂದ ಪೂರ್ವಕ್ಕೆ ಸ್ನೊಕ್ವಾಲ್ಮಿ ಕಣಿವೆದಾರಿ ಹತ್ತಿದರೆ ಹಿಮ ಜಾರುವ ಇಳಿಜಾರುಗಳಲ್ಲಿ ಪೊದೆಯಂಥ ಆಲ್ಡರ್ ಕಾಣುತ್ತದೆ, ಕಾಂಡಗಳೆಲ್ಲ ಕೆಳಮುಖವಾಗಿ ಬಾಗಿರುತ್ತವೆ. ಅದು ಸಿಟ್ಕಾ ಆಲ್ಡರ್. ಬೆಟ್ಟ ದಾಟಿ ಲೆವನ್‌ವರ್ತ್ ಕಡೆ ಇಳಿದರೆ ತೆಳುಎಲೆ ಆಲ್ಡರ್. ಪೋರ್ಟ್‌ಲ್ಯಾಂಡ್‌ನಲ್ಲಿ ಕೆಂಪು ಆಲ್ಡರ್ ಜೊತೆ ಬಿಳಿ ಆಲ್ಡರ್ ಕೂಡ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಒಳಭಾಗದಲ್ಲಿ ಇರುವವರು, ಅಂದರೆ ಫ್ರೀಮಾಂಟ್, ಸನೋಲ್ ಕಡೆಯವರು, ಅಲಮೀಡಾ ಕ್ರೀಕ್ ದಂಡೆಯಲ್ಲಿ ನೋಡುವುದು ಬಿಳಿ ಆಲ್ಡರ್. ಅದರ ಎಲೆಯಂಚು ಮಡಚಿರುವುದಿಲ್ಲ. ಸಮುದ್ರದ ಕಡೆ ಮ್ಯೂರ್ ವುಡ್ಸ್‌ಗೆ ಹೋದರೆ ಹಳ್ಳದ ಬದಿಯಲ್ಲಿ ಮತ್ತೆ ಕೆಂಪು ಆಲ್ಡರ್.

ಭಾರತದಲ್ಲೂ ಆಲ್ಡರ್ ಇದೆ, ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ. ನೇಪಾಳಿಯಲ್ಲಿ ಅದಕ್ಕೆ ಉತಿಸ್ ಎನ್ನುತ್ತಾರೆ. ಸಿಕ್ಕಿಂ, ಡಾರ್ಜಿಲಿಂಗ್‌ನಲ್ಲಿ ದೊಡ್ಡ ಏಲಕ್ಕಿಯನ್ನು ಉತಿಸ್ ನೆರಳಿನಲ್ಲಿ ಬೆಳೆಯುತ್ತಾರೆ. ನಾಗಾಲ್ಯಾಂಡಿನ ಖೊನೊಮಾ ಊರಿನವರು ಹೊಲದಲ್ಲೇ ಆಲ್ಡರ್ ಉಳಿಸಿಕೊಂಡು, ತಲೆ ಕಡಿದು ಚಿಗುರಿಸಿ, ಅದರ ಬೇರಿನ ಗೊಬ್ಬರದಲ್ಲಿ ಬೆಳೆ ತೆಗೆಯುತ್ತಾರೆ. ಅಲ್ಲೂ ಕೆಲಸ ಮಾಡುವುದು ಅದೇ ಫ್ರಾಂಕಿಯಾ.

ಸಿಕ್ಕಿದ ಮೇಲೆ

ಸಿಕ್ಕಿದ ಮರವನ್ನು ಐನ್ಯಾಚುರಲಿಸ್ಟ್ ಎಂಬ, ಗಿಡ ಪ್ರಾಣಿಗಳನ್ನು ಜನರೇ ಸೇರಿ ಗುರುತಿಸುವ ಆ್ಯಪ್‌ನಲ್ಲಿ ದಾಖಲಿಸಬಹುದು. ಒಂದೇ ಫೋಟೋ ಹಾಕಿದರೆ ಜಾತಿ ಖಚಿತ ಮಾಡುವುದು ಬೇರೆಯವರಿಗೆ ಕಷ್ಟ. ನಾಲ್ಕು ತೆಗೆಯಿರಿ: ಇಡೀ ಮರ, ತೊಗಟೆ, ಕಾಯಿ ಅಥವಾ ಹೂ ತೆನೆ, ಮತ್ತು ಎಲೆಯ ತಳಭಾಗ ಅಂಚು ಕಾಣುವ ಹಾಗೆ ಹತ್ತಿರದಿಂದ. ಮರ ನೆಟ್ಟದ್ದು ಅಂತ ಅನ್ನಿಸಿದರೆ, ಅದಕ್ಕೆಂದೇ ಇರುವ ಗುರುತನ್ನು ಆ್ಯಪ್‌ನಲ್ಲಿ ಒತ್ತಬೇಕು. ಅದನ್ನು ಒತ್ತದಿದ್ದರೆ ಕಚೇರಿ ಆವರಣದಲ್ಲಿ ನೆಟ್ಟ ಇಟಾಲಿಯನ್ ಆಲ್ಡರ್ ಕೂಡ ಕಾಡುಮರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಲೆ ಬೇಕೆಂದರೆ ನೆಲಕ್ಕೆ ಬಿದ್ದದ್ದನ್ನೇ ಎತ್ತಿಕೊಳ್ಳಿ. ಪಾರ್ಕಿನ ಮರಗಳ ಕೊಂಬೆ ಮುರಿಯುವುದು, ತೊಗಟೆ ಕೆರೆಯುವುದು ತಪ್ಪು. ಹಸಿರಾಗಿಯೇ ಎಲೆ ಉದುರಿಸುವ ಮರ ಇದು, ಅಕ್ಟೋಬರಿನಲ್ಲಿ ಕಾಲಡಿಯಲ್ಲೇ ಬೇಕಾದಷ್ಟು ಸಿಗುತ್ತದೆ.